ಲೋಹದ ಸೂಕ್ಷ್ಮಕಣಗಳೂ ಎರೆಭೂಮಿಯ ಜೀವಾಣುಗಳೂ

ಕವಿಚಕ್ರವರ್ತಿ ರನ್ನನ ಜನ್ಮಭೂಮಿಯೆಂದು ಪ್ರಸಿದ್ಧವಾದ ಬೆಳಗಲಿಯ ಸುತ್ತಣ ಎರೆಹೊಲಗಳಲ್ಲಿ, ಕಡಲೆಯು ಹೂಬಿಡುವ ಹೊತ್ತಿಗೆ ಗಿಡವೊಂದನ್ನು ಹಸಿಮಣ್ಣಿನ ಹೆಂಟೆಯೊಡನೆ ಮೆಲ್ಲನೆ ಎತ್ತಿ, ಬೇರನ್ನು ನೀರಿನಲ್ಲಿ ತೊಳೆದು ನೋಡಿದರೆ, ಅಲ್ಲಲ್ಲಿ ಸಣ್ಣ ಗಂಟುಗಳು ಕಾಣುವವು. ಒಂದನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಬಣ್ಣವಿದ್ದರೆ, ರೈಜೋಬಿಯಂ ಬಳಗದ ಜೀವಾಣುಗಳು ವಾಯುಮಂಡಲದ ಸಾರಜನಕವನ್ನು ಸಸ್ಯದ ಆಹಾರವಾಗಿ ಮಾರ್ಪಡಿಸುತ್ತಿವೆಯೆಂದು ತಿಳಿಯಬೇಕು. ಆ ಬಣ್ಣವು ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಬಂಧುವಾದ ಲೆಗ್‌ಹಿಮೋಗ್ಲೋಬಿನ್ನಿನದು. ಗಂಟುಗಳ ಹೊರಗೂ, ರಂಜಕವನ್ನು ಕರಗಿಸುವ ಬ್ಯಾಸಿಲಸ್, ಅಮೋನಿಯವನ್ನು ನೈಟ್ರೈಟಾಗಿಸುವ ನೈಟ್ರೊಸೊಮೊನಾಸ್ ಮೊದಲಾದವು ರೈತನ ಕಣ್ಣಿಗೆ ಬೀಳದೆಯೆ ದುಡಿಯುತ್ತಿರುವವು.

ಈ ಜೀವಾಣುಗಳ ನೆರೆಗೆ ಈಗ ಬಂದಿರುವ ಹೊಸಬರು ಲೋಹದ ನ್ಯಾನೋಕಣಗಳು. ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೋಮೀಟರು. 1ರಿಂದ 100 ನ್ಯಾನೋಮೀಟರಿನೊಳಗಣ ಕಣಗಳಿಗೆ ಈ ಹೆಸರು. ಒಂದು ಸೆಂಟಿಮೀಟರು ಅಂಚಿನ ಘನವೊಂದರ ಮೇಲ್ಮೈ ಕೇವಲ 6 ಚದರ ಸೆಂಟಿಮೀಟರು. ಅದನ್ನೇ 10 ನ್ಯಾನೋಮೀಟರಿನ ಘನಗಳಾಗಿ ತುಂಡರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರಾಗುವುದು. ಲೋಹದ ರಾಸಾಯನಿಕ ಕ್ರಿಯೆಯು ಮುಖ್ಯವಾಗಿ ಮೇಲ್ಮೈಯಲ್ಲಿಯೇ ಜರುಗುವುದರಿಂದ, ಗಟ್ಟಿಯಾಗಿ ಕುಳಿತಾಗ ಸೌಮ್ಯವಾದ ಲೋಹವು ಈ ರೂಪದಲ್ಲಿ ಅತ್ಯಂತ ಚುರುಕಾಗುವುದು. ಬಟ್ಟೆ ಮತ್ತು ಗಾಯದ ಪಟ್ಟಿಗಳ ಬೆಳ್ಳಿ, ಬಣ್ಣಗಳ ಟೈಟೇನಿಯಂ ಡೈಆಕ್ಸೈಡ್, ಲೇಪನಗಳ ಸತುವಿನ ಆಕ್ಸೈಡ್ ಇವೆಲ್ಲವೂ ಚರಂಡಿನೀರು ಮತ್ತು ಕೆಸರುಗೊಬ್ಬರದ ಹಾದಿಯಿಂದ ಹೊಲವನ್ನು ಸೇರಬಲ್ಲವು. ಸತು, ತಾಮ್ರಗಳ ನ್ಯಾನೋಗೊಬ್ಬರಗಳನ್ನಂತೂ ನಾವಾಗಿಯೇ ಸಿಂಪಡಿಸುವೆವು. 2021ರಲ್ಲಿ ರೈತರ ಸಹಕಾರಿ ಗೊಬ್ಬರಸಂಸ್ಥೆಯಾದ ಇಫ್ಕೊ ಹೊರತಂದ ನ್ಯಾನೋ ಯೂರಿಯಾದಲ್ಲಿ ಲೋಹವಿಲ್ಲವಾದುದರಿಂದ ಅದನ್ನು ಈ ಗುಂಪಿಗೆ ಸೇರಿಸಲಾಗದು.

ಕಣಗಳ ಉಪದ್ರವವು ಮುಖ್ಯವಾಗಿ ಎರಡು ತೆರ. ಕಣವು ಕರಗಿ ಬಿಡುಗಡೆಯಾದ ಅಯಾನುಗಳು ಜೀವಾಣುವಿನ ಕಿಣ್ವಗಳಲ್ಲಿಯ ಗಂಧಕಕ್ಕೆ ಅಂಟಿಕೊಂಡು ಅವುಗಳ ಕೆಲಸವನ್ನು ಕೆಡಿಸುವವು. ಕಣದ ಮೇಲ್ಮೈಯಲ್ಲಿ ಹುಟ್ಟುವ ಉಗ್ರ ಆಮ್ಲಜನಕರೂಪಗಳು ಪೊರೆಯನ್ನು ಛಿದ್ರಗೊಳಿಸುವವು. ಅಮೋನಿಯವನ್ನು ಪರಿವರ್ತಿಸುವ ಜೀವಾಣುಗಳು ಬೆಳ್ಳಿಯ ಕಣಗಳಿಗೆ ವಿಶೇಷವಾಗಿ ಸೂಕ್ಷ್ಮವಾದುವೆಂದು ಪ್ರಯೋಗಗಳು ತೋರಿಸಿವೆ. ಕ್ಯಾಲಿಫೋರ್ನಿಯಾದ ಸಂಶೋಧಕರು ಹೊಲದ ಮಣ್ಣಿನಲ್ಲಿ ಸೋಯಾ ಅವರೆಯನ್ನು ಬೆಳೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೀರಿಯಂ ಆಕ್ಸೈಡಿನ ಕಣಗಳ ಪ್ರಮಾಣವು ಹೆಚ್ಚಾದಾಗ ಬೇರುಗಂಟುಗಳ ಸಾರಜನಕ ಸ್ಥಿರೀಕರಣವು ಬಹುಮಟ್ಟಿಗೆ ಕುಗ್ಗಿತು.

ಹಾಗೆಂದು ಪ್ರಯೋಗಶಾಲೆಯ ಬಟ್ಟಲಿನ ಫಲಿತಾಂಶವನ್ನು ಹೊಲಕ್ಕೆ ನೇರವಾಗಿ ಹೊಂದಿಸಲಾಗದು. ಬೆಳಗಲಿಯ ಎರೆಮಣ್ಣು ಕ್ಷಾರಗುಣದ್ದು, ಜೇಡಿ ಹೆಚ್ಚಾದುದು. ಇಂತಹ ಮಣ್ಣಿನಲ್ಲಿ ಸತುವಿನ ಆಕ್ಸೈಡ್ ಕರಗುವುದು ಕಡಮೆ, ಕರಗಿದ ಅಯಾನುಗಳೂ ಜೇಡಿಗೂ ಸಾವಯವ ದ್ರವ್ಯಕ್ಕೂ ಅಂಟಿ ನಿಷ್ಕ್ರಿಯವಾಗುವವು. ಮಲೆನಾಡಿನ ಆಮ್ಲಗುಣದ ಮಣ್ಣಿನಲ್ಲಿ ಅದೇ ಕಣವು ಹೆಚ್ಚು ಕರಗುವುದು. ಚರಂಡಿಯ ಕೆಸರಿನಲ್ಲಿ ಬೆಳ್ಳಿಯು ಗಂಧಕದೊಡನೆ ಕೂಡಿ ಬೆಳ್ಳಿಯ ಸಲ್ಫೈಡಾದರೆ ಅದರ ವಿಷವು ಬಹಳವಾಗಿ ತಗ್ಗುವುದು. ಅಲ್ಲದೆ ಸತುವು ವಿಷವಷ್ಟೇ ಅಲ್ಲ, ಪೋಷಕವೂ ಹೌದು. ಕ್ಷಾರಮಣ್ಣಿನಲ್ಲಿ ಅದರ ಕೊರತೆಯೇ ಸಾಮಾನ್ಯವಾದುದರಿಂದ, ಅಲ್ಪಪ್ರಮಾಣವು ಬೆಳೆಗೆ ಹಿತಕರವೇ. ಆದರೆ ಲೋಹವು ಕೊಳೆತು ಹೋಗುವ ವಸ್ತುವಲ್ಲ. ಬೆಳೆಯು ಹೀರಿ ಉಳಿದುದು ವರ್ಷವರ್ಷವೂ ಮಣ್ಣಿನಲ್ಲಿ ಸಂಚಯವಾಗುವುದು.

ಆದಕಾರಣ ಲೋಹದ ನ್ಯಾನೋಕಣಗಳನ್ನು ಅಮೃತವೆಂದು ಹೊಗಳುವುದೂ ಹಾಲಾಹಲವೆಂದು ತೆಗಳುವುದೂ ಸಲ್ಲದು. ಪ್ರಮಾಣ, ರೂಪ, ಮಣ್ಣಿನ ಗುಣ ಈ ಮೂರೂ ಕೂಡಿಯೇ ಫಲವನ್ನು ನಿರ್ಣಯಿಸುವವು. ಹೊಸ ನ್ಯಾನೋಗೊಬ್ಬರವನ್ನು ಒಪ್ಪುವ ಮುನ್ನ ಇಳುವರಿಯೊಡನೆ ಮಣ್ಣಿನ ಜೀವಾಣುಗಳ ಸ್ಥಿತಿಯನ್ನೂ ಹಲವು ವರ್ಷ ಅಳೆಯುವುದು ಪರೀಕ್ಷಕರ ಕರ್ತವ್ಯ. ರೈತರಾದವರು ಮಣ್ಣುಪರೀಕ್ಷೆಯಲ್ಲಿ ಕೊರತೆ ಕಂಡಲ್ಲಿ ಮಾತ್ರ ಸತುವನ್ನು ಹೇಳಿದಷ್ಟೇ ಹಾಕಬೇಕು. ರೈಜೋಬಿಯಂ ಲೇಪಿಸಿದ ಬೀಜಕ್ಕೆ ತಾಮ್ರದ ಔಷಧವನ್ನು ಬೆರೆಸಬಾರದು. ಕಬ್ಬು ಬೆಳೆಯುವವರು ಅದರ ಒಣಗರಿಯಾದ ರವದಿಯನ್ನು ಸುಡದೆ ಮಣ್ಣಿಗೆ ಸೇರಿಸಬೇಕು. ಸಾವಯವ ದ್ರವ್ಯವು ಹೆಚ್ಚಿದಷ್ಟೂ ಲೋಹದ ಉಪದ್ರವವು ತಗ್ಗುವುದು, ಜೀವಾಣುಗಳಿಗೆ ಆಹಾರವೂ ಒದಗುವುದು.