ಮಳೆಯಂಗಿಯಿಂದ ಯಂತ್ರಶಾಲೆಗೆ

ರೋಗಿಯ ಹಾಸಿಗೆ ತೋಯದಂತೆ ಹಾಸುವ ರಬ್ಬರಿನ ಹಾಳೆಯನ್ನು ನಮ್ಮ ಆಸ್ಪತ್ರೆಗಳ ದಾದಿಯರು ‘ಮ್ಯಾಕಿಂತಾಷ್’ ಎಂದು ಕರೆಯುವುದನ್ನು ವಾಚಕರಲ್ಲಿ ಕೆಲವರಾದರೂ ಕೇಳಿರಬಹುದು. ಮೂಲತಃ ಅದು ವಸ್ತುವಿನ ಹೆಸರಲ್ಲ, ಮನುಷ್ಯನ ಹೆಸರು.

ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದ ಚಾರ್ಲ್ಸ್ ಮ್ಯಾಕಿಂತಾಷನು (1766–1843) ರಸಾಯನ ವಸ್ತುಗಳನ್ನು ತಯಾರಿಸುತ್ತಿದ್ದನು. ಬಣ್ಣದ ಕೆಲಸಕ್ಕೆ ಬೇಕಾದ ಅಮೋನಿಯಕ್ಕಾಗಿ ಅವನು ದೀಪದ ಅನಿಲವನ್ನು ಮಾಡುವ ಕಾರ್ಖಾನೆಯಿಂದ ಕಲ್ಲಿದ್ದಲಿನ ಟಾರನ್ನು ಕೊಳ್ಳುತ್ತಿದ್ದನು. ಅಮೋನಿಯವನ್ನು ತೆಗೆದ ಬಳಿಕ ಉಳಿದುದನ್ನು ಚೆಲ್ಲದೆ, ಅದರಿಂದ ನ್ಯಾಫ್ತಾ ಎಂಬ ತೈಲವನ್ನು ಬಟ್ಟಿಯಿಳಿಸಿ, ಅದರಲ್ಲಿ ರಬ್ಬರನ್ನು ಕರಗಿಸಿ, ಆ ಲೇಪವನ್ನು ಎರಡು ಬಟ್ಟೆಗಳ ನಡುವೆ ಹಚ್ಚಿ ಒತ್ತಿದನು. ನೀರಿಳಿಯದ ಈ ಬಟ್ಟೆಗೆ 1823ರಲ್ಲಿ ಪೇಟೆಂಟು ದೊರೆಯಿತು. ಮ್ಯಾಂಚೆಸ್ಟರಿನಲ್ಲಿ ಕಾರ್ಖಾನೆಯೂ ಎದ್ದಿತು.

ಆದರೆ ಕೀರ್ತಿಯ ಬೆನ್ನಿಗೇ ಅಪಕೀರ್ತಿಯೂ ಬಂದಿತು. ಹಸಿ ರಬ್ಬರು ಚಳಿಗೆ ಬಿರುಸಾಗುವುದು, ಬಿಸಿಲಿಗೆ ಅಂಟಂಟಾಗುವುದು, ಅದರ ವಾಸನೆಯಂತೂ ದುಸ್ಸಹ. ದರ್ಜಿಯ ಸೂಜಿ ಹಾದಲ್ಲೆಲ್ಲ ನೀರು ಒಸರುತ್ತಿತ್ತು. ಉಣ್ಣೆಯ ಸಹಜವಾದ ಜಿಡ್ಡು ಲೇಪವನ್ನೇ ಕೆಡಿಸುತ್ತಿತ್ತು. ಕೊಂಡವರು ಬೇಸತ್ತ ಮೇಲೆ ವ್ಯಾಪಾರವು ನಿಲ್ಲುವುದೆಂತು?

ಗಂಧಕವನ್ನು ಬೆರೆಸಿ ಕಾಯಿಸಿದ ರಬ್ಬರು ಚಳಿಬಿಸಿಲುಗಳಿಗೆ ಜಗ್ಗದೆಂಬುದನ್ನು ಅಮೇರಿಕದ ಚಾರ್ಲ್ಸ್ ಗುಡ್‌ಇಯರನು 1839ರಲ್ಲಿ ಕಂಡುಕೊಂಡನು. ಮ್ಯಾಕಿಂತಾಷನ ಪಾಲುಗಾರನಾದ ಥಾಮಸ್ ಹ್ಯಾನ್‌ಕಾಕನು ಅಲ್ಲಿಂದ ಬಂದ ತುಣುಕುಗಳನ್ನು ನೋಡಿ, ತಾನೂ ಪ್ರಯೋಗಗಳನ್ನು ನಡೆಯಿಸಿ, 1843ರ ನವೆಂಬರಿನಲ್ಲಿ ಇಂಗ್ಲೆಂಡಿನ ಪೇಟೆಂಟಿಗೆ ಮೊದಲಿಗನಾದನು. ಮ್ಯಾಕಿಂತಾಷನಾದರೋ ಆ ಜುಲೈ ತಿಂಗಳಿನಲ್ಲಿಯೇ ತೀರಿಕೊಂಡಿದ್ದನು. ತನ್ನ ಬಟ್ಟೆಗೆ ಅಂಟಿದ ಕಳಂಕವು ತೊಳೆದುದನ್ನು ಅವನು ಕಾಣಲಿಲ್ಲ.

ಅನಂತರ ಮಳೆಯಂಗಿಯ ಸಂಸ್ಥೆಗೆ ಯಂತ್ರಶಾಲೆಗಳ ಬಾಗಿಲು ತೆರೆಯಿತು. ಬಟ್ಟೆಯು ಬಲವನ್ನೂ ರಬ್ಬರು ಬಿಗಿಯನ್ನೂ ಕೊಡಲು, ಯಂತ್ರಗಳನ್ನು ತಿರುಗಿಸುವ ಪಟ್ಟಿಗಳೂ ನೀರೊಯ್ಯುವ ಕೊಳವೆಗಳೂ ಉಗಿಯ ಸಂದುಗಳನ್ನು ಮುಚ್ಚುವ ಪದರಗಳೂ ಸಿದ್ಧವಾದುವು. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಸಂಸ್ಥೆಯು ತನ್ನ ರಬ್ಬರಿನ ವಸ್ತುಗಳನ್ನು ಪ್ರದರ್ಶಿಸಿತು. 1920ರ ದಶಕದಲ್ಲಿ ಅದು ಡನ್‌ಲಪ್ ಸಂಸ್ಥೆಯಲ್ಲಿ ಲೀನವಾಯಿತು.

ದೋಷವನ್ನು ಕಳೆಯುವುದು, ಗುಣವನ್ನು ಕೂಡಿಸುವುದು—ಸಂಸ್ಕಾರವು ಈ ಎರಡು ಬಗೆಯದೆಂದು ನಮ್ಮ ಶಾಸ್ತ್ರಕಾರರು ಹೇಳುವರು. ರಬ್ಬರಿಗೆ ಬೆಂಕಿಯೂ ಗಂಧಕವೂ ಈ ಎರಡನ್ನೂ ಮಾಡಿದುವು. ತನ್ನ ಸರಕಿನ ದೋಷವನ್ನು ಮರೆಮಾಚದೆ ಪರಿಹಾರವನ್ನು ಹುಡುಕಿದುದೇ ಆ ಸಂಸ್ಥೆಗೆ ಆದ ಸಂಸ್ಕಾರ.

ಮನೆಯಲ್ಲಿ ರಬ್ಬರಿನ ಹಾಳೆಯಿದ್ದರೆ ಗೃಹಿಣಿಯರು ಅದಕ್ಕೆ ಎಣ್ಣೆ ಸೋಕಿಸದೆ, ನೆರಳಿನಲ್ಲಿ ಒಣಗಿಸಿ, ಮಡಿಸದೆ ಸುರುಳಿ ಸುತ್ತಿಡಬೇಕು. ಸಂಸ್ಕಾರ ಹೊಂದಿದ ವಸ್ತುವಿಗೂ ಆರೈಕೆಯು ಬೇಕಷ್ಟೆ!