ಗುಂಡಿಗೂ ಬೇಕು ಬುಗುರಿಯ ಸುತ್ತು

ಬುಗುರಿ ಜೋರಾಗಿ ಸುತ್ತುವಷ್ಟು ಹೊತ್ತು ನೆಟ್ಟಗೆ ನಿಲ್ಲುತ್ತದೆ. ಸುತ್ತು ಇಳಿಯಿತೋ, ತಲೆ ತೂಗಿ ಉರುಳುತ್ತದೆ. ರೈಫಲ್ ಗುಂಡಿನ ಕಥೆಯೂ ಅದೇ. ಬಿಚ್ಚಿಟ್ಟ ಖಾಲಿ ನಳಿಗೆಯನ್ನು ಬೆಳಕಿಗೆ ಹಿಡಿದರೆ ಒಳಗೋಡೆಯಲ್ಲಿ ತಿರುಚಿಕೊಂಡು ಸಾಗುವ ಗೀರುಗಳು ಕಾಣುತ್ತವೆ. (ತುಂಬಿದ ಬಂದೂಕಿನಲ್ಲಿ ಇಣುಕುವ ಸಾಹಸ ಬೇಡ!) ಗುಂಡನ್ನು ಗಿರಗಿರನೆ ತಿರುಗಿಸುವುದು ಈ ಗೀರುಗಳೇ.

ನಳಿಗೆಯ ಮೇಲೆ ‘1:7’ ಎಂದಿದ್ದರೆ, 7 ಅಂಗುಲ ಸಾಗುವಷ್ಟರಲ್ಲಿ ಗುಂಡು ಒಂದು ಪೂರ್ತಿ ಸುತ್ತು ಹಾಕುತ್ತದೆ ಎಂದರ್ಥ. ಸೆಕೆಂಡಿಗೆ ಸುಮಾರು 945 ಮೀಟರ್ ವೇಗದಲ್ಲಿ ಹೊರಬಿದ್ದರೆ ಅದು ನಿಮಿಷಕ್ಕೆ 3 ಲಕ್ಷಕ್ಕೂ ಹೆಚ್ಚು ಸುತ್ತಿನ ಲೆಕ್ಕ. ಮನೆಯ ಮಿಕ್ಸಿ ಇದರ ಹತ್ತಿರಕ್ಕೂ ಬರದು.

ಎಷ್ಟು ಸುತ್ತು ಬೇಕೆಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಗುಂಡಿನ ಉದ್ದ. ತೂಕವೆಂದು ಅನೇಕರು ತಿಳಿದಿರುತ್ತಾರೆ. ಉದ್ದ ಗುಂಡಿಗೆ ಬಿಗಿಯಾದ ತಿರುಚು ಬೇಕು. ಇಂಗ್ಲೆಂಡಿನ ವೂಲಿಚ್‌ನಲ್ಲಿ ಗಣಿತ ಕಲಿಸುತ್ತಿದ್ದ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ 1879ರಲ್ಲೇ ಇದಕ್ಕೊಂದು ಸರಳ ಸೂತ್ರ ಕೊಟ್ಟಿದ್ದರು.

ಸುತ್ತು ಸಾಲದಿದ್ದರೆ? ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆದು, ಗುರಿಹಲಗೆಗೆ ಅಡ್ಡಡ್ಡ ಬಡಿದು ಬೀಗದ ಕಿಂಡಿಯಂಥ ತೂತು ಬೀಳುತ್ತದೆ. ಅಮೆರಿಕದ ಎಂ16 ರೈಫಲ್‌ಗೆ ಮೊದಲು 14 ಅಂಗುಲದ ತಿರುಚಿತ್ತು. ಕೊರೆಯುವ ಚಳಿಯ ದಟ್ಟ ಗಾಳಿಯಲ್ಲಿ ಗುಂಡು ತೂಗಾಡಿದ್ದರಿಂದ ಅದನ್ನು 12ಕ್ಕೆ ಇಳಿಸಿದರು. 1980ರ ದಶಕದಲ್ಲಿ ಉದ್ದನೆಯ ಹೊಸ ಗುಂಡುಗಳು ಬಂದಾಗ 7ಕ್ಕೆ.

ಇನ್ನೊಂದು ಸೋಜಿಗ: ಬಲಕ್ಕೆ ಸುತ್ತುವ ಗುಂಡು ದೂರ ಹೋದಂತೆ ತಾನಾಗಿ ಬಲಕ್ಕೇ ಸರಿಯುತ್ತದೆ. ಹಾಗಾಗಿ ಸಾವಿರ ಗಜದ ಗುರಿಗೆ ಹೊಡೆಯುವವರು ಗಾಳಿಯೇ ಬೀಸದಿದ್ದರೂ ತುಸು ಎಡಕ್ಕೆ ಲೆಕ್ಕ ಹಿಡಿಯುತ್ತಾರೆ.