ನಾಲ್ಕು ಇಂಜಿನ್ ಓಡುತ್ತಿದ್ದರೂ ಬಿದ್ದ ವಿಮಾನ

2010ರ ಜುಲೈ 28. ಅಮೆರಿಕದ ಅಲಾಸ್ಕಾದಲ್ಲಿ ಸಂಜೆ ಆರೂಕಾಲು ದಾಟಿತ್ತು. ಎಲ್ಮೆಂಡಾರ್ಫ್ ವಾಯುನೆಲೆಯಿಂದ ಸಿ-17 ಗ್ಲೋಬ್‌ಮಾಸ್ಟರ್ ಸರಕು ವಿಮಾನವೊಂದು ತಾಲೀಮಿಗಾಗಿ ಮೇಲೇರಿತು. ಮೂರು ದಿನ ಕಳೆದರೆ ಅಲ್ಲಿ ‘ಆರ್ಕ್‌ಟಿಕ್ ಥಂಡರ್’ ವೈಮಾನಿಕ ಪ್ರದರ್ಶನ. ಮೇಲೇರಿದ ಒಂದು ನಿಮಿಷದ ಆಸುಪಾಸಿನಲ್ಲೇ ವಿಮಾನ ನೆಲೆಯ ಸಮೀಪದ ಕಾಡಿಗೆ ಬಿದ್ದು ಹೊತ್ತಿ ಉರಿಯಿತು. ಒಳಗಿದ್ದ ನಾಲ್ವರೂ ಸತ್ತರು. ಪ್ರಾಣಹಾನಿಗೆ ಕಾರಣವಾದ ಸಿ-17ರ ಮೊದಲ ಅಪಘಾತ ಅದು.

ವಿಮಾನ ಬಿತ್ತೆಂದರೆ ಇಂಜಿನ್ ಕೈಕೊಟ್ಟಿರಬೇಕು ಎನ್ನುವುದು ನಮ್ಮ ಮೊದಲ ಊಹೆ. ಇಲ್ಲಿ ನಾಲ್ಕೂ ಇಂಜಿನ್‌ಗಳು ಓಡುತ್ತಿದ್ದವು. ಸೋತದ್ದು ರೆಕ್ಕೆ. ವಿಮಾನಯಾನದಲ್ಲಿ ಇದಕ್ಕೆ ‘ಸ್ಟಾಲ್’ ಎನ್ನುತ್ತಾರೆ. ಕಾರಿನ ಇಂಜಿನ್ ಬಂದ್ ಬೀಳುವುದಕ್ಕೂ ಇದೇ ಹೆಸರಿರುವುದರಿಂದ ಗೊಂದಲವಾಗುತ್ತದೆ. ಆದರೆ ಎರಡಕ್ಕೂ ಸಂಬಂಧವಿಲ್ಲ.

ಎದುರಿನಿಂದ ಬರುವ ಗಾಳಿಗೆ ರೆಕ್ಕೆ ಕೊಂಚ ಓರೆಯಾಗಿ ನಿಂತಿರುತ್ತದೆ. ಮೈಗೆ ಅಂಟಿಕೊಂಡು ಹರಿಯುವ ಗಾಳಿಯನ್ನು ಅದು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆತ್ತುತ್ತದೆ. ಓರೆ ಹೆಚ್ಚಿದಷ್ಟೂ ಎತ್ತುವ ಬಲ ಹೆಚ್ಚುತ್ತದೆ. ಆದರೆ ಅದಕ್ಕೊಂದು ಮಿತಿಯಿದೆ. ಸಾಮಾನ್ಯ ರೆಕ್ಕೆಗೆ ಸುಮಾರು 15 ಡಿಗ್ರಿಯ ಹೊತ್ತಿಗೆ ಗಾಳಿ ಮೇಲ್ಮೈ ಬಿಟ್ಟು ಚದುರಿ ಸುಳಿಗಟ್ಟುತ್ತದೆ. ಎತ್ತುವ ಬಲ ಕುಸಿಯುತ್ತದೆ. ಇದೇ ಸ್ಟಾಲ್. ಇದನ್ನು ತೀರ್ಮಾನಿಸುವುದು ಗಾಳಿಗೂ ರೆಕ್ಕೆಗೂ ನಡುವಿನ ಕೋನವೇ ಹೊರತು ಬರೀ ವೇಗವಲ್ಲ.

ತಿರುವಿನಲ್ಲಿ ಈ ಮಿತಿ ಬೇಗ ಹತ್ತಿರ ಬರುತ್ತದೆ. ತಿರುಗಬೇಕಾದರೆ ವಿಮಾನ ಪಕ್ಕಕ್ಕೆ ವಾಲಬೇಕು. ವಾಲಿದಾಗ ರೆಕ್ಕೆಯ ಬಲವೂ ವಾಲುತ್ತದೆ. ಅದರಲ್ಲಿ ಒಂದು ಪಾಲು ತಿರುಗಿಸಲು ಖರ್ಚಾಗಿ, ಉಳಿದದ್ದು ಮಾತ್ರ ಭಾರ ಹೊರುತ್ತದೆ. ತುಂಬಿದ ಕೊಡಕ್ಕೆ ಎರಡು ಹಗ್ಗ ಕಟ್ಟಿ ಇಬ್ಬರು ಎರಡು ಕಡೆ ನಿಂತು ಎತ್ತಿ ಹಿಡಿದರೆ, ಹಗ್ಗ ಓರೆಯಾದಷ್ಟೂ ಹೆಚ್ಚು ಜಗ್ಗಬೇಕಾಗುತ್ತದಲ್ಲ, ಹಾಗೆ. ಎತ್ತರ ಕಳೆದುಕೊಳ್ಳದೆ ತಿರುಗಲು 30 ಡಿಗ್ರಿ ವಾಲಿದಾಗ ರೆಕ್ಕೆ ವಿಮಾನದ ತೂಕದ 1.15 ಪಟ್ಟು ಬಲ ಕೊಡಬೇಕು. 60 ಡಿಗ್ರಿಗೆ ಅದು ಎರಡು ಪಟ್ಟಾಗುತ್ತದೆ. ಜೊತೆಗೆ ಸ್ಟಾಲ್ ಆಗುವ ವೇಗವೂ ಏರುತ್ತದೆ: ನೇರ ಹಾರಾಟದಲ್ಲಿ 100 ನಾಟ್‌ಗೆ ಸ್ಟಾಲ್ ಆಗುವ ವಿಮಾನ 60 ಡಿಗ್ರಿ ವಾಲಿದರೆ 141 ನಾಟ್‌ಗೇ ಸ್ಟಾಲ್ ಆಗುತ್ತದೆ.

ಇನ್ನು ಅಲಾಸ್ಕಾದ ಆ ಹಾರಾಟಕ್ಕೆ ಬರೋಣ. ಪೈಲಟ್ ಮೂತಿಯನ್ನು ಸುಮಾರು 40 ಡಿಗ್ರಿ ಮೇಲೆತ್ತಿ ಕಡಿದಾಗಿ ಏರಿಸಿದರು. ಸುಮಾರು 850 ಅಡಿಯಲ್ಲೇ ಮಟ್ಟಮಾಡಿ ಎಡಕ್ಕೆ 80 ಡಿಗ್ರಿ ತಿರುಗಿಸಿದರು. ಮುಂದೆ ಬಲಕ್ಕೆ 260 ಡಿಗ್ರಿಯ ಸುತ್ತು. ಅದು ಮುಗಿದಿದ್ದರೆ ವಿಮಾನ ಬಂದ ದಾರಿಗೇ ಎದುರು ಮುಖ ಮಾಡಿ ಪ್ರದರ್ಶನದ ದಿನ ಪ್ರೇಕ್ಷಕರು ನಿಲ್ಲುವ ಜಾಗದ ಮುಂದೆ ಹಾದುಹೋಗಬೇಕಿತ್ತು. ಬಲತಿರುವಿನಲ್ಲಿ ವಾಲಿಕೆ 53 ಡಿಗ್ರಿಗೆ ಬಂದಿತ್ತು. ನಮ್ಮ ಲೆಕ್ಕದ ಪ್ರಕಾರ ಎತ್ತರ ಕಾಯ್ದುಕೊಳ್ಳಲು ಆಗ ತೂಕದ 1.66 ಪಟ್ಟು ಬಲ ಬೇಕು. ಸ್ಟಾಲ್ ವೇಗ ಶೇ 29ರಷ್ಟು ಏರಿರುತ್ತದೆ. ಅಷ್ಟರಲ್ಲಿ ಕಾಕ್‌ಪಿಟ್‌ನಲ್ಲಿ ಸ್ಟಾಲ್ ಎಚ್ಚರಿಕೆ ಮೊಳಗಿತು.

ಆಗ ಮಾಡಬೇಕಾದ ಕೆಲಸವನ್ನು ಪ್ರತಿ ಪೈಲಟ್‌ಗೂ ಮೊದಲೇ ಕಲಿಸಿರುತ್ತಾರೆ. ಮೂತಿ ತಗ್ಗಿಸಬೇಕು, ರೆಕ್ಕೆ ಸಮ ಮಾಡಬೇಕು. ತನಿಖೆಯ ಪ್ರಕಾರ ಪೈಲಟ್ ತಿರುವನ್ನು ಮುಂದುವರಿಸಿದರು. ಕಂಟ್ರೋಲ್ ಸ್ಟಿಕ್ ಮೇಲಿನ ಒತ್ತಡವನ್ನೂ ಬಲಕ್ಕೆ ಒತ್ತಿದ ರಡ್ಡರನ್ನೂ (ಬಾಲದ ಚುಕ್ಕಾಣಿಯನ್ನೂ) ಬಿಡಲಿಲ್ಲ. ವಿಮಾನ 82 ಡಿಗ್ರಿವರೆಗೆ ಮಗುಚಿತು. ಆ ಕೋನದಲ್ಲಿ ರೆಕ್ಕೆಯೇ ಭಾರ ಹೊರಬೇಕೆಂದರೆ ತೂಕದ ಏಳು ಪಟ್ಟು ಬಲ ಬೇಕು; ಯಾವ ಸರಕು ವಿಮಾನಕ್ಕೂ ಅದು ಆಗದ ಮಾತು. ಇಳಿಯುವ ವೇಗ ನಿಮಿಷಕ್ಕೆ 9,000 ಅಡಿ ಮುಟ್ಟಿತು, ಅಂದರೆ ಸೆಕೆಂಡಿಗೆ 150 ಅಡಿ. ಈ ವೇಗದಲ್ಲಿ 850 ಅಡಿ ಕರಗಲು ಆರು ಸೆಕೆಂಡ್ ಸಾಕು. ಸ್ಟಾಲ್‌ನಿಂದ ಹೊರಬರಲು ಎತ್ತರವನ್ನೇ ತೆತ್ತು ವೇಗ ಕೊಳ್ಳಬೇಕು. ಅಲ್ಲಿ ತೆರಲು ಎತ್ತರವೇ ಇರಲಿಲ್ಲ.

ಅನುಭವಿ ಪೈಲಟ್ ಎಚ್ಚರಿಕೆಯನ್ನು ಏಕೆ ಕಡೆಗಣಿಸಿದರು? ಮುಖ್ಯ ಕಾರಣ ಪೈಲಟ್‌ನ ತಪ್ಪು ಎಂದೇ ತನಿಖೆ ಹೇಳಿತು. ಅತಿಯಾದ ಆತ್ಮವಿಶ್ವಾಸವನ್ನೂ ಹೆಸರಿಸಿತು. ಇಂಥ ಬಿಗಿ ತಿರುವುಗಳು ಅವರಿಗೆ ಹೊಸತಾಗಿರಲಿಲ್ಲ. ಪ್ರದರ್ಶನದ ತಿರುವಿನಲ್ಲಿ ಸ್ಟಾಲ್ ಎಚ್ಚರಿಕೆ ಬರುವುದು ಮಾಮೂಲು ಎಂಬ ಭಾವನೆ ಬೆಳೆದಿತ್ತು. ಅಲಾರಂ ಕೂಗಿದರೂ ಪ್ರತಿ ಸಲ ಏನೂ ಆಗದೆ ಪಾರಾದರೆ, ಮಿದುಳು ಅದನ್ನು ಅಪಾಯದ ಲೆಕ್ಕದಿಂದ ತೆಗೆದು ಹಾಕುತ್ತದೆ. ನಿಜವಾಗಿ ಪ್ರತಿ ಸಲವೂ ವಿಮಾನ ಅಂಚಿನವರೆಗೆ ಹೋಗಿ ಬಂದಿರುತ್ತದೆ. ಎಚ್ಚರಿಕೆ ಸ್ಟಾಲ್‌ಗಿಂತ ಸ್ವಲ್ಪ ಮೊದಲೇ ಬರುವಂತೆ ಇಟ್ಟಿರುವುದು ಹಿಂತಿರುಗಲು ಅವಕಾಶವಿರಲಿ ಎಂದು. ಆ ಅವಕಾಶವನ್ನೇ ಪ್ರದರ್ಶನದ ಭಾಗವಾಗಿ ಬಳಸಿಕೊಂಡರೆ, ವಿಮಾನ ಬೀಳಲು ಕೊಂಚ ಕಡಿಮೆ ವೇಗ, ಕೊಂಚ ಹೆಚ್ಚು ವಾಲಿಕೆ ಸಾಕು.

ತಾಲೀಮಿನ ದಿನ ಪ್ರೇಕ್ಷಕರಿರುವುದಿಲ್ಲ, ಅಪಾಯ ಮಾತ್ರ ಅಷ್ಟೇ ಇರುತ್ತದೆ. ಬೆಂಗಳೂರಿನ ಯಲಹಂಕದಲ್ಲಿ 2019ರ ಫೆಬ್ರವರಿ 19ರಂದು, ಏರೋ ಇಂಡಿಯಾ ವೈಮಾನಿಕ ಪ್ರದರ್ಶನದ ಮುನ್ನಾದಿನ, ವಾಯುಪಡೆಯ ಸೂರ್ಯಕಿರಣ್ ತಂಡದ ಎರಡು ಹಾಕ್ ವಿಮಾನಗಳು ಡಿಕ್ಕಿಯಾಗಿ ಒಬ್ಬ ಪೈಲಟ್ ಸತ್ತದ್ದೂ ತಾಲೀಮಿನಲ್ಲೇ. ಅಲ್ಲಿನ ಕಾರಣ ಬೇರೆ. ಅಲಾಸ್ಕಾದ ಪಾಠ ಇದು: ಪದೇ ಪದೇ ಮಾಡುವುದರಿಂದ ಕೈ ಪಳಗುತ್ತದೆ ಎನ್ನುವುದು ಅರ್ಧ ಸತ್ಯ. ತಪ್ಪನ್ನು ಪದೇ ಪದೇ ಮಾಡಿದರೆ ಅದೂ ಅಷ್ಟೇ ಚೆನ್ನಾಗಿ ಪಳಗುತ್ತದೆ. ಆದ್ದರಿಂದ ಸರಾಗವಾಗಿ ಮುಗಿದ ತಾಲೀಮಿನ ನಂತರವೂ ಕೇಳಬೇಕಾದ ಪ್ರಶ್ನೆ: ಮಿತಿಯಿಂದ ಎಷ್ಟು ದೂರದಲ್ಲಿದ್ದೆವು?